ಟರ್ಕಿಶ್: ಒಂದೇ ವಾಕ್ಯ ಹಿಡ್ಕೊಂಡು ವ್ಯಾಕರಣ, ಉಚ್ಚಾರ ಎರಡೂ ಅರ್ಥ ಮಾಡ್ಕೊಳ್ಳೋದು ಹೇಗೆ?

ಹನುಮಂತನಗರ_ಓದುಗ

ಟರ್ಕಿಶ್ ಕಲಿಯೋಕೆ ಒಂದು ಆ್ಯಪ್ ಹಾಕ್ಕೊಂಡಿದ್ದೀನಿ. ಆಫೀಸಲ್ಲಿ ಇಸ್ತಾಂಬುಲ್ ತಂಡದ ಜೊತೆ ಕಾಲ್ ಇರುತ್ತೆ, ಅಲ್ಲಿ ನಾಲ್ಕು ಮಾತು ಆಡುವಷ್ಟು ಬಂದ್ರೆ ಸಾಕು. ಆ್ಯಪ್ ಎಲ್ಲವನ್ನೂ ಇಂಗ್ಲಿಷ್ ಲೆಕ್ಕದಲ್ಲಿ ವಿವರಿಸುತ್ತೆ, ತಲೆಗೆ ಹತ್ತುತ್ತಿಲ್ಲ. "ನಾಳೆ ಮಾರ್ಕೆಟ್‌ನಿಂದ ಚಹಾ ತಗೊಳ್ತೀನಿ" ಅನ್ನೋ ವಾಕ್ಯದಲ್ಲೇ ಸಿಕ್ಕಿಹಾಕ್ಕೊಂಡಿದ್ದೀನಿ.

ಕೊನೆಯ ಪದ ನೋಡಿದ್ರೆ "ಅಲಕಾಗಿಮ್" ಅಂತ ಓದಬೇಕು ಅನ್ಸುತ್ತೆ, ಆಡಿಯೊದಲ್ಲಿ "ಅಲಜಾಮ್" ಅಂತ ಕೇಳುತ್ತೆ. "ಇಂದ" ಅನ್ನೋಕೆ ಒಂದು ಕಡೆ ದನ್, ಇನ್ನೊಂದು ಕಡೆ ದೆನ್, ಮತ್ತೊಂದು ಕಡೆ ತೆನ್. ವಾಕ್ಯದಲ್ಲಿ "ನಾನು" ಎಲ್ಲೂ ಇಲ್ಲ. ಚಹಾಗೆ ಕೆಲವು ವಾಕ್ಯದಲ್ಲಿ ಬಾಲ ಇದೆ, ಇದರಲ್ಲಿ ಇಲ್ಲ. ಗೊತ್ತಿರೋರು ಕನ್ನಡದ ಲೆಕ್ಕದಲ್ಲೇ, ಕನ್ನಡ ಲಿಪಿಯಲ್ಲೇ ಬಿಡಿಸಿ ಹೇಳ್ತೀರಾ?

---

ಪ್ರತ್ಯಯ_ಪ್ರಿಯ

ಕನ್ನಡ ಬಲ್ಲವರು ಟರ್ಕಿಶನ್ನು ಇಂಗ್ಲಿಷ್ ಮೂಲಕ ಕಲಿಯೋದು ಸುತ್ತುಬಳಸಿನ ದಾರಿ. ನೀವು ಕೊಟ್ಟ ವಾಕ್ಯದಲ್ಲಿ ಪದಗಳ ಕ್ರಮ ಕನ್ನಡದ್ದೇ: ನಾಳೆ, ಮಾರ್ಕೆಟ್‌ನಿಂದ, ಚಹಾ, ತಗೊಳ್ತೀನಿ. ಕ್ರಿಯಾಪದ ಕೊನೆಗೆ, ವಿಭಕ್ತಿ ನಾಮಪದದ ಬಾಲದಲ್ಲಿ, "ನಾನು" ಕ್ರಿಯಾಪದದ ಬಾಲದಲ್ಲಿ. ಇಂಗ್ಲಿಷ್ ಪುಸ್ತಕಗಳು ಹತ್ತು ಪುಟ ಬರೆಯೋ ವಿಷಯ ನಿಮಗೆ ಹುಟ್ಟಿನಿಂದಲೇ ಬಂದಿದೆ.

ಮೊದಲು ಬರೆಯೋ ಬಗ್ಗೆ ಒಂದು ಒಪ್ಪಂದ. ಟರ್ಕಿಶ್‌ನಲ್ಲಿ 8 ಸ್ವರ. ಅ, ಎ, ಇ, ಒ, ಉ ನಮ್ಮಲ್ಲಿವೆ, ಮೂರು ಇಲ್ಲ. ಆ ಮೂರರ ಪಕ್ಕ ~ ಹಾಕ್ತೀನಿ:

ಇ~ : ಚುಕ್ಕೆ ಇಲ್ಲದ ಐ ಅಕ್ಷರ
ಒ~ : ಮೇಲೆ ಎರಡು ಚುಕ್ಕೆ ಇರೋ ಓ ಅಕ್ಷರ
ಉ~ : ಮೇಲೆ ಎರಡು ಚುಕ್ಕೆ ಇರೋ ಯು ಅಕ್ಷರ

ತಲೆ ಮೇಲೆ ಬಾಗಿದ ಗೆರೆ ಇರೋ ಜಿ ಅಕ್ಷರಕ್ಕೆ ಘ ಬರೀತೀನಿ. ಟರ್ಕಿಶ್‌ನಲ್ಲಿ ನಮ್ಮ ಹಾಗೆ ಬೇರೆ ಮಹಾಪ್ರಾಣ ಅಕ್ಷರಗಳಿಲ್ಲ, ಹಾಗಾಗಿ ಘ ಖಾಲಿ ಬಿದ್ದಿದೆ, ಬಳಸ್ಕೊಳ್ಳೋಣ. ಇದು ಕಣ್ಣಿಗೆ ಮಾತ್ರ, ಬಾಯಲ್ಲಿ ಘ ಅನ್ನಬಾರದು. ಜ಼ ಅಂದ್ರೆ "ಜ಼ೂ" ಅನ್ನುವಾಗಿನ ಜ಼.

ಈಗ ವಾಕ್ಯ: ಯರಿ~ನ್ ಪಜ಼ರ್‌ದನ್ ಚಯ್ ಅಲಜಘಿ~ಮ್.

ಯರಿ~ನ್ = ನಾಳೆ
ಪಜ಼ರ್ + ದನ್ = ಮಾರ್ಕೆಟ್ + ಇಂದ
ಚಯ್ = ಚಹಾ
ಅಲ್ + ಅಜಕ್ + ಇ~ಮ್ = ತಗೊಳ್ + ಮುಂದೆ ಆಗೋದು + ನಾನು

ಕೊನೆಯ ಪದದಲ್ಲಿ ನಿಮ್ಮ ಕಣ್ಣು ಮೋಸ ಹೋಗಿರೋದು ಎರಡು ಕಡೆ. ಬಾಲ ಇಲ್ಲದ ಸಿ ಅಕ್ಷರ ಟರ್ಕಿಶ್‌ನಲ್ಲಿ ಯಾವಾಗಲೂ ಜ, ಯಾವತ್ತೂ ಕ ಅಲ್ಲ, ಸ ಅಲ್ಲ. ಬಾಲ ಇದ್ರೆ ಚ. ಹಾಗೇ ಬಾಲ ಇರೋ ಎಸ್ ಅಂದ್ರೆ ಶ. ಎರಡನೇದು, ಅಜಕ್‌ನ ಕೊನೆಯ ಕ್ ಎರಡು ಸ್ವರಗಳ ನಡುವೆ ಬಂದಾಗ ಸಡಿಲವಾಗಿ ಘ ಆಗುತ್ತೆ. ನಮ್ಮ ಆದೇಶ ಸಂಧಿಯ ಥರ ಅಂದ್ಕೊಳ್ಳಿ (ಬೆಟ್ಟ + ತಾವರೆ = ಬೆಟ್ಟದಾವರೆ). ಮುಂದೆ ವ್ಯಂಜನ ಬಂದ್ರೆ ಕ್ ಹಾಗೇ ಉಳಿಯುತ್ತೆ:

ಅಲಜಘಿ~ಮ್ – (ನಾನು) ತಗೊಳ್ತೀನಿ
ಅಲಜಕ್‌ಸಿ~ನ್ – (ನೀನು) ತಗೊಳ್ತೀಯ
ಅಲಜಕ್ – (ಅವನು, ಅವಳು, ಅದು)
ಅಲಜಘಿ~ಜ಼್ – (ನಾವು)
ಅಲಜಕ್‌ಸಿ~ನಿ~ಜ಼್ – (ನೀವು)
ಅಲಜಕ್‌ಲರ್ – (ಅವರು)

ಮೂರನೇ ಸಾಲು ನೋಡಿ, ಬಾಲವೇ ಇಲ್ಲ. ಲಿಂಗ ಅನ್ನೋದು ಈ ಭಾಷೆಯಲ್ಲೇ ಇಲ್ಲ. ಅವನು, ಅವಳು, ಅದು ಮೂರಕ್ಕೂ "ಒ" ಒಂದೇ ಸರ್ವನಾಮ. "ನಾನು" ಅಂದ್ರೆ ಬೆನ್. ಬಾಲದಲ್ಲೇ ನಾನು ಇರೋದ್ರಿಂದ ಸುಮ್ಮನೆ ಬೆನ್ ಸೇರಿಸಿದ್ರೆ "ಬೇರೆ ಯಾರೋ ಅಲ್ಲ, ನಾನೇ ತಗೊಳ್ತೀನಿ" ಅಂತ ಒತ್ತಿ ಹೇಳಿದಂಗೆ ಕೇಳುತ್ತೆ. ಹಿರಿಯರಿಗೆ, ಗುರುತಿಲ್ಲದವರಿಗೆ "ನೀವು" ರೂಪವೇ. ಆಫೀಸ್ ಕಾಲ್‌ನಲ್ಲೂ ಅವರಾಗಿ "ನೀನು" ರೂಪಕ್ಕೆ ಬರೋತನಕ ಅದನ್ನೇ ಇಟ್ಕೊಳ್ಳಿ.

ದನ್, ದೆನ್, ತನ್, ತೆನ್. ಎಂಟು ಸ್ವರಗಳಲ್ಲಿ ಎರಡು ಗುಂಪು. ನಾಲಿಗೆ ಹಿಂದೆ ಇರೋವು: ಅ, ಇ~, ಒ, ಉ. ನಾಲಿಗೆ ಮುಂದೆ ಬರೋವು: ಎ, ಇ, ಒ~, ಉ~. ಪದದ ಕೊನೆಯ ಸ್ವರ ಮಾತ್ರ ನೋಡಿ. ಹಿಂದಿನ ಗುಂಪಾದ್ರೆ ದನ್, ಮುಂದಿನ ಗುಂಪಾದ್ರೆ ದೆನ್. ಪದ ಮುಗಿಯೋದು ಫ಼, ಸ, ತ, ಕ, ಚ, ಶ, ಹ, ಪ ಈ ಎಂಟರಲ್ಲಿ ಒಂದರಿಂದ ಆದ್ರೆ ದ ಜಾಗದಲ್ಲಿ ತ. ಈ ಎಂಟನ್ನು ನೆನಪಿಡೋಕೆ ಟರ್ಕಿಯ ಮಕ್ಕಳಿಗೆ ಕಲಿಸೋ ಸೂತ್ರ "ಫ಼ಿ~ಸ್ತಿ~ಕ್‌ಚಿ~ ಶಹಪ್". ಪಿಸ್ತಾ ಮಾರೋ ಶಹಪ್ ಅಂತ.

ಮಜ಼ೆಯಾಗಿ ಅಭ್ಯಾಸ ಮಾಡ್ಬೇಕಂದ್ರೆ ನಮ್ಮ ಮೆಟ್ರೋ ಸ್ಟೇಷನ್, ಬಸ್ ಸ್ಟಾಪ್‌ಗಳ ಹೆಸರಿಗೇ ಅಂಟಿಸಿ. ಜಯನಗರ್‌ದನ್ (ಕೊನೆಯ ಸ್ವರ ಅ). ಬನಶಂಕರಿದೆನ್ (ಕೊನೆಯ ಸ್ವರ ಇ, ಮುಂಚೆ ಎಷ್ಟು ಅಕಾರ ಇದ್ರೂ ಲೆಕ್ಕಕ್ಕಿಲ್ಲ). ಮೆಜೆಸ್ಟಿಕ್‌ತೆನ್ (ಇ, ಜೊತೆಗೆ ಕೊನೆಗೆ ಕ್). ಬೆಂಗಳೂರುದನ್. ಊರು, ವ್ಯಕ್ತಿಗಳ ಹೆಸರಾದ್ರೆ ಬರೆಯುವಾಗ ಹೆಸರಿಗೂ ಬಾಲಕ್ಕೂ ನಡುವೆ ಒಂದು ಮೇಲ್ಗಡೆ ಅಲ್ಪವಿರಾಮ ಹಾಕ್ಬೇಕು. ಪಜ಼ರ್ ಥರದ ಸಾಮಾನ್ಯ ಪದಕ್ಕೆ ಬೇಡ. ಕೆಂಗೇರಿ, ಹೆಬ್ಬಾಳ್, ವೈಟ್‌ಫೀಲ್ಡ್, ಪೀಣ್ಯ ನಿಮಗೆ ಬಿಟ್ಟಿದ್ದೀನಿ. "ಇಂದ" ಜೊತೆಗೆ "ಗೆ" ಕೂಡ ಹಾಕಿ: ಅದು ಅ ಅಥವಾ ಎ, ಪದ ಸ್ವರದಿಂದ ಮುಗಿದ್ರೆ ನಡುವೆ ಒಂದು ಯ್. ಯಕಾರಾಗಮ ಅಂತ ಶಾಲೇಲಿ ಓದಿದ್ದೇ ಇದು.

ಎಲ್ಲ ಬಾಲಕ್ಕೂ ಎರಡೇ ರೂಪ ಅಲ್ಲ. "ನಾನು" ಅನ್ನೋ ಇ~ಮ್ ಥರದವಕ್ಕೆ ನಾಲ್ಕು: ಮುಂಚಿನ ಸ್ವರ ಅ ಅಥವಾ ಇ~ ಆದ್ರೆ ಇ~, ಎ ಅಥವಾ ಇ ಆದ್ರೆ ಇ, ಒ ಅಥವಾ ಉ ಆದ್ರೆ ಉ, ಒ~ ಅಥವಾ ಉ~ ಆದ್ರೆ ಉ~. ಅದಕ್ಕೇ ಅಲಜಘಿ~ಮ್, ಆದ್ರೆ "ಬರ್ತೀನಿ" ಅನ್ನೋಕೆ ಗೆಲೆಜೆಘಿಮ್. ಅಜಕ್ ಹೋಗಿ ಎಜೆಕ್ ಆಯ್ತು, ಇ~ಮ್ ಹೋಗಿ ಇಮ್ ಆಯ್ತು.

ಚಹಾದ ಬಾಲ. ನನ್ನ ಪ್ರಕಾರ ಈ ವಾಕ್ಯದಲ್ಲಿ ನಿಜವಾಗಿ ಕಲಿಯೋ ವಿಷಯ ಇದೇ. ಕನ್ನಡದಲ್ಲಿ "ಪುಸ್ತಕ ಓದಿದೆ" ಅಂತಲೂ ಅಂತೀವಿ, "ಪುಸ್ತಕಾನ ಓದಿದೆ" ಅಂತಲೂ ಅಂತೀವಿ. ಟರ್ಕಿಶ್ ಇದನ್ನೇ ಕಟ್ಟುನಿಟ್ಟು ಮಾಡಿದೆ. ಯಾವ್ದೋ ಒಂದಿಷ್ಟು ಚಹಾ ಆದ್ರೆ ಬರೀ "ಚಯ್". ಇಬ್ಬರಿಗೂ ಗೊತ್ತಿರೋ, ಗುರುತಿಟ್ಟ ಚಹಾ ಆದ್ರೆ "ಚಯಿ~". ಇಷ್ಟ ಬಂದಾಗ ಹಾಕೋದು, ಬಿಡೋದು ಇಲ್ಲ.

ಕನ್ನಡಿಗರು ಇಲ್ಲಿ ಎರಡು ಕಡೆ ಜಾರ್ತಾರೆ. ಒಂದು, ಮನುಷ್ಯರ ವಿಷಯ. ನಮ್ಮಲ್ಲಿ ಜನ ಅಂದ್ರೆ "ಅನ್ನು" ಬೇಕೇ ಬೇಕು: "ಡಾಕ್ಟರನ್ನ ಹುಡುಕ್ತಿದ್ದೀನಿ". ಟರ್ಕಿಶ್‌ನಲ್ಲಿ ಯಾರಾದ್ರೂ ಒಬ್ಬ ಡಾಕ್ಟರ್ ಸಿಕ್ಕಿದ್ರೆ ಸಾಕು ಅಂದ್ರೆ "ದೊಕ್‌ತೊರ್ ಅರಿ~ಯೊರುಮ್", ಬಾಲ ಇಲ್ಲ. "ದೊಕ್‌ತೊರು ಅರಿ~ಯೊರುಮ್" ಅಂದ್ರೆ ಆ ಡಾಕ್ಟರನ್ನೇ. ಅರಮಕ್ ಅನ್ನೋ ಕ್ರಿಯಾಪದಕ್ಕೆ ಫೋನ್ ಮಾಡು ಅನ್ನೋ ಅರ್ಥವೂ ಇರೋದ್ರಿಂದ "ಡಾಕ್ಟರಿಗೆ ಫೋನ್ ಮಾಡ್ತಿದ್ದೀನಿ" ಅಂತಲೂ ಆಗುತ್ತೆ.

ಇನ್ನೊಂದು, ಜಾಗ. ನಾವು "ಚಹಾ ನಾಳೆ ಮಾರ್ಕೆಟ್‌ನಿಂದ ತಗೊಳ್ತೀನಿ" ಅಂತ ಆರಾಮಾಗಿ ಅಂತೀವಿ. ಟರ್ಕಿಶ್‌ನಲ್ಲಿ ಬಾಲ ಇಲ್ಲದ ಚಯ್ ಕ್ರಿಯಾಪದದ ಪಕ್ಕ ಬಿಟ್ಟು ಅಲ್ಲಾಡಬಾರದು. ಮುಂದಕ್ಕೆ ತರಬೇಕು ಅಂದ್ರೆ ಬಾಲ ಹಾಕಿ: "ಚಯಿ~ ಯರಿ~ನ್ ಪಜ಼ರ್‌ದನ್ ಅಲಜಘಿ~ಮ್". ಬಾಲ ಬಂದ ಕೂಡಲೇ ಅದು "ಆ ಚಹಾ" ಆಯ್ತು ಅನ್ನೋದು ನೆನಪಿರಲಿ.

---

ಉಪ್ಪಿನಂಗಡಿ_ಎಕ್ಸ್‌ಪ್ರೆಸ್

ವ್ಯಾಕರಣ ಮೇಲಿನವರು ಹೇಳಿದ್ದಾರೆ, ನಾನು ಬಾಯಿಯ ಬಗ್ಗೆ ಹೇಳ್ತೀನಿ.

ಇಲ್ಲಿ ಅ ಅಂತ ಬರೆದಿರೋದೆಲ್ಲ ಕನ್ನಡದ ಅ ಅಲ್ಲ. ಬಾಯಿ ಆ ಅನ್ನುವಷ್ಟು ತೆರೀಬೇಕು, ಹೊತ್ತು ಮಾತ್ರ ಅ ದಷ್ಟೇ. ಚಯ್ ಅನ್ನೋದನ್ನ "ಚಾಯ್" ಅಂತ ಎಳೆಯೋಕೆ ಹೋಗ್ಬೇಡಿ. ಟರ್ಕಿಶ್‌ನ ಸ್ವಂತ ಪದಗಳಲ್ಲಿ ಸ್ವರಗಳೆಲ್ಲ ಹ್ರಸ್ವ. ದೀರ್ಘ ಬರೋದು ಅರಬ್ಬಿ, ಪಾರ್ಸಿಯಿಂದ ಬಂದ ಕೆಲವು ಪದಗಳಲ್ಲಿ, ಮತ್ತೆ ಈ ಘ ಇರೋ ಕಡೆ.

ಇ~ : ಉ ಅನ್ನಿ. ನಾಲಿಗೆ ಅಲ್ಲಾಡಿಸದೆ, ತುಟಿ ಮಾತ್ರ ನಗೋವಾಗಿನ ಹಾಗೆ ಅಗಲ ಮಾಡಿ. ತುಳು ಬರೋರಿಗೆ ಇದು ಕಷ್ಟವೇ ಅಲ್ಲ, "ಕಣ್ಣ್" ಅನ್ನುವಾಗ ಕೊನೆಗೆ ಬರೋ ಅರ್ಧ ಉಕಾರ ಹೆಚ್ಚುಕಡಿಮೆ ಅದೇ. ಬರೀ ಕನ್ನಡ ಬರೋರು ಇದನ್ನ ಇ ಮಾಡಿಬಿಡ್ತಾರೆ. ಇ~ಲಿ~ಕ್ ಅಂದ್ರೆ ಉಗುರು ಬೆಚ್ಚಗಿನ, ಇಲಿಕ್ ಅಂದ್ರೆ ಮೂಳೆಯೊಳಗಿನ ಮಜ್ಜೆ.

ಉ~ : ಇ ಅನ್ನಿ, ನಾಲಿಗೆ ಹಾಗೇ ಇಟ್ಟು ತುಟಿ ಗುಂಡಗೆ ಮಾಡಿ. "ಯು" ಅಲ್ಲ, ಮುಂದೆ ಯ್ ಬರಕೂಡದು.

ಒ~ : ಎ ಅನ್ನಿ, ನಾಲಿಗೆ ಹಾಗೇ ಇಟ್ಟು ತುಟಿ ಗುಂಡಗೆ. ಒಲ್ದು ಅಂದ್ರೆ "ಆಯ್ತು", ಒ~ಲ್ದು~ ಅಂದ್ರೆ "ಸತ್ತ". ಕಾಲ್‌ನಲ್ಲಿ ಕೆಲಸ ಆಯ್ತಾ ಅಂತ ಕೇಳಿದಾಗ ಈ ಎರಡನ್ನ ಬೆರೆಸಬೇಡಿ.

ಘ : ಅ ನಂತರ ಬಂದ್ರೆ ಆ ಸ್ವರವನ್ನ ಎಳೆಯುತ್ತೆ, ತಾನು ಮಾಯ. ಅಲಜಘಿ~ಮ್ ನಿಧಾನಕ್ಕೆ ಅಂದ್ರೆ ಅ-ಲ-ಜಾ-ಇ~ಮ್. ಸಾಮಾನ್ಯ ವೇಗದಲ್ಲಿ ಅಲಜಾಮ್. ಬೀದಿ ಮಾತಲ್ಲಿ ಅಲಿ~ಜಾಮ್. ನಿಮ್ಮ ಆಡಿಯೊ ಸರಿಯಾಗೇ ಇದೆ. ಎ, ಇ ನಡುವೆ ಬಂದ್ರೆ ತೆಳು ಯ್ ಥರ ಕೇಳಬಹುದು. ಘದಿಂದ ಯಾವ ಪದವೂ ಶುರುವಾಗಲ್ಲ.

ತ, ದ ವಿಷಯದಲ್ಲಿ ನಾವು ಅದೃಷ್ಟವಂತರು. ಟರ್ಕಿಶ್‌ನ ಟಿ, ಡಿ ಅಕ್ಷರಗಳು ಹಲ್ಲಿಗೆ ತಾಗೋ ತ, ದ. ಇಂಗ್ಲಿಷ್ ಅಕ್ಷರ ಕಂಡ ಕೂಡಲೇ ನಮ್ಮ ಬಾಯಿ ಟ, ಡ ಕಡೆ ಹೋಗುತ್ತೆ. "ಪಜ಼ರ್‌ಡನ್" ಅಂದ್ರೆ ತಕ್ಷಣ ಹೊರಗಿನವರು ಅಂತ ಗೊತ್ತಾಗುತ್ತೆ. ಣ, ಳ, ಟ, ಡ ಯಾವುದೂ ಬೇಡ.

ಇನ್ನು ಕನ್ನಡದ ಅಭ್ಯಾಸದಿಂದಲೇ ಆಗೋ ತಪ್ಪುಗಳು, ಇವನ್ನ ಯಾವ ಆ್ಯಪೂ ಹೇಳಲ್ಲ. ನಾವು ಎಲ್ಲಿ ಅನ್ನೋದನ್ನ "ಯೆಲ್ಲಿ" ಅಂತೀವಿ, ಒಂದು ಅನ್ನೋದನ್ನ "ವೊಂದು" ಅಂತೀವಿ. ಟರ್ಕಿಶ್‌ನಲ್ಲಿ ಮನೆಗೆ ಎವ್, ಹತ್ತಕ್ಕೆ ಒನ್. ಯೆವ್, ವೊನ್ ಅನ್ನದೆ ಶುದ್ಧ ಸ್ವರದಿಂದಲೇ ಶುರು ಮಾಡಿ.

ಅದಕ್ಕಿಂತ ದೊಡ್ಡದು ಪದದ ಕೊನೆಯ ಉ. ಬಸ್ಸು, ಕಾರು, ಬುಕ್ಕು ಅಂತ ವ್ಯಂಜನಕ್ಕೆ ಉ ಸೇರಿಸೋ ಚಾಳಿ ನಮಗೆ. ಟರ್ಕಿಶ್‌ನಲ್ಲಿ ಆ ಕೊನೆಯ ಸ್ವರವೇ ವಿಭಕ್ತಿ. ತೊಪ್ ಅಂದ್ರೆ ಚೆಂಡು, "ತೊಪು" ಅಂದ್ರೆ ಚೆಂಡನ್ನು. ಅಂದ್ರೆ ಉಚ್ಚಾರದ ತಪ್ಪು ವ್ಯಾಕರಣದ ತಪ್ಪಾಗುತ್ತೆ, ಕೇಳೋರಿಗೆ "ಯಾವ ಚೆಂಡು?" ಅನ್ಸುತ್ತೆ. ಪಜ಼ರ್, ಚಯ್, ಅಲಜಾಮ್ ಎಲ್ಲವನ್ನೂ ವ್ಯಂಜನದಲ್ಲೇ ಕತ್ತರಿಸಿ ನಿಲ್ಲಿಸಿ.

ಒತ್ತು ಸಾಮಾನ್ಯವಾಗಿ ಪದದ ಕೊನೆಯ ಉಚ್ಚಾರಾಂಶದ ಮೇಲೆ. ಯರಿ~ನ್ ಇದಕ್ಕೆ ಅಪವಾದ, ಒತ್ತು ಯ ಮೇಲೆ. ಊರ ಹೆಸರುಗಳೂ ಬೇರೆ ದಾರಿ: ಇಸ್-ತನ್-ಬುಲ್ (ಒತ್ತು ತನ್ ಮೇಲೆ), ಅನ್-ಕ-ರ (ಒತ್ತು ಅನ್ ಮೇಲೆ). ಪದದ ಕೊನೆಗೆ ಬರೋ ರ್ ಗಾಳಿ ಬಿಟ್ಟಂಗೆ, ಸ್ವಲ್ಪ ಶ್ ಬೆರೆತಂತೆ ಕೇಳುತ್ತೆ. ಬಿರ್ (ಒಂದು) ಅನ್ನೋದನ್ನ ಗಮನವಿಟ್ಟು ಕೇಳಿ.

---

ಕೋಡ್_ಕನ್ನಡಿಗ

ಚುಕ್ಕೆ ಬಗ್ಗೆ ಒಂದು ಮಾತು. ಚುಕ್ಕೆ ಇರೋ ಐ, ಇಲ್ಲದ ಐ ಇಲ್ಲಿ ಎರಡು ಬೇರೆ ಬೇರೆ ಅಕ್ಷರ, ದೊಡ್ಡಕ್ಷರದಲ್ಲೂ ಹಾಗೇ. ಚುಕ್ಕೆ ಇರೋದು ದೊಡ್ಡದಾದ್ರೂ ಚುಕ್ಕೆ ಉಳಿಸ್ಕೊಳ್ಳುತ್ತೆ, ಇಲ್ಲದ್ದು ಇಲ್ಲದ್ದಾಗೇ ಇರುತ್ತೆ. ಈ ಊರಲ್ಲಿ ಸಾಫ್ಟ್‌ವೇರ್‌ನವರೇ ಜಾಸ್ತಿ, ಆದ್ದರಿಂದ ಹೇಳ್ತೀನಿ: ಜಾವಾ ಪ್ರೋಗ್ರಾಮಿಂಗ್‌ನಲ್ಲಿ ಲೊಕೇಲ್ (ಯಾವ ಭಾಷೆಯ ನಿಯಮ ಅನ್ನೋ ಸೆಟ್ಟಿಂಗ್) ಕೊಡದೆ ದೊಡ್ಡಕ್ಷರವನ್ನ ಚಿಕ್ಕದು ಮಾಡಿದ್ರೆ, ಟರ್ಕಿಶ್ ಸೆಟ್ಟಿಂಗ್ ಇರೋ ಯಂತ್ರದಲ್ಲಿ "ಟೈಟಲ್" ಅನ್ನೋ ಇಂಗ್ಲಿಷ್ ಪದದ ಐ ಚುಕ್ಕೆ ಕಳ್ಕೊಂಡು ಬರುತ್ತೆ, ಮುಂದೆ ಹೋಲಿಕೆ ಎಲ್ಲ ಕೈಕೊಡುತ್ತೆ. ಅಲ್ಲಿ ಲೊಕೇಲ್ ರೂಟ್ ಕೊಡ್ಬೇಕು.

ಫೋನಿನಲ್ಲಿ ಇಂಗ್ಲಿಷ್ ಕೀಬೋರ್ಡ್‌ನಲ್ಲೇ ಕಾಲ ತಳ್ಳಬೇಡಿ, ಟರ್ಕಿಶ್ ಕೀಬೋರ್ಡ್ ಸೇರಿಸಿ. ಲೇಔಟ್ ಎರಡಿದೆ, ಕ್ಯೂ ಮತ್ತು ಎಫ್. ಕ್ಯೂ ನಮಗೆ ಅಭ್ಯಾಸ ಇರೋದಕ್ಕೆ ಹತ್ತಿರ. ಒಟ್ಟು 29 ಅಕ್ಷರ, 1928ರಲ್ಲಿ ಅರಬ್ಬಿ ಲಿಪಿ ಬಿಟ್ಟು ಇದಕ್ಕೆ ಬಂದ್ರು. ಕ್ಯೂ, ಡಬ್ಲ್ಯೂ, ಎಕ್ಸ್ ವರ್ಣಮಾಲೆಯಲ್ಲಿ ಇಲ್ಲ. ನಿಘಂಟಿನಲ್ಲಿ ಹುಡುಕುವಾಗ ಚುಕ್ಕೆ ಇಲ್ಲದ ಐ ಮೊದಲು, ಇರೋದು ಆಮೇಲೆ.

---

ಹನುಮಂತನಗರ_ಓದುಗ

ಎಲ್ರಿಗೂ ಧನ್ಯವಾದ. ಕೊಟ್ಟ ಅಭ್ಯಾಸ: ಕೆಂಗೇರಿದೆನ್, ಕೆಂಗೇರಿಯೆ. ಹೆಬ್ಬಾಳ್‌ದನ್, ಹೆಬ್ಬಾಳ. ವೈಟ್‌ಫೀಲ್ಡ್‌ತೆನ್, ವೈಟ್‌ಫೀಲ್ಡೆ. ಪೀಣ್ಯದನ್, ಪೀಣ್ಯಯ. ಸರಿನಾ?

ಇನ್ನೆರಡು ಪ್ರಶ್ನೆ. ಇದೇ ವಾಕ್ಯವನ್ನ "ತಗೊಳ್ಳಲ್ಲ", "ತಗೊಳ್ತೀಯಾ?" ಮಾಡೋದು ಹೇಗೆ? ಆಮೇಲೆ "ದಿನಾ ತಗೊಳ್ತೀನಿ" ಅನ್ನೋಕೂ ಅಲಜಘಿ~ಮ್ ನಡೆಯುತ್ತಾ?

---

ಪ್ರತ್ಯಯ_ಪ್ರಿಯ

ವೈಟ್‌ಫೀಲ್ಡ್ ಒಂದು ತಪ್ಪು. ಅದು ಮುಗಿಯೋದು ದ್‌ನಿಂದ, ಶಹಪ್ ಪಟ್ಟಿಯಲ್ಲಿ ದ ಇಲ್ಲ, ಹಾಗಾಗಿ ವೈಟ್‌ಫೀಲ್ಡ್‌ದೆನ್. ಉಳಿದದ್ದೆಲ್ಲ ಸರಿ.

"ದಿನಾ" ಪ್ರಶ್ನೆ ಒಳ್ಳೇದು, ಕನ್ನಡಿಗರಿಗೆ ಮಾತ್ರ ಬರೋ ಪ್ರಶ್ನೆ. ನಮ್ಮ "ತಗೊಳ್ತೀನಿ" ನಾಳೆಗೂ ಆಗುತ್ತೆ, ದಿನಕ್ಕೂ ಆಗುತ್ತೆ. ಟರ್ಕಿಶ್‌ನಲ್ಲಿ ಬೇರೆ ಬೇರೆ. ನಾಳೆ ತಗೊಳ್ತೀನಿ, ನಿರ್ಧಾರ ಆಗಿದೆ: ಅಲಜಘಿ~ಮ್. ಈಗ ತಗೊಳ್ತಿದ್ದೀನಿ: ಅಲಿ~ಯೊರುಮ್. ರೂಢಿಯಾಗಿ ತಗೊಳ್ತೀನಿ, ಅಥವಾ "ಆಯ್ತು ಬಿಡಿ, ತಗೊಳ್ತೀನಿ" ಅಂತ ಆಗಲೇ ಒಪ್ಪಿದ್ದು: ಅಲಿ~ರಿ~ಮ್. "ದಿನಾ" ಅಂದ್ರೆ ಹೆರ್ ಗು~ನ್. ಅದರ ಜೊತೆ ಅಲಿ~ರಿ~ಮ್ ಅಥವಾ ಅಲಿ~ಯೊರುಮ್. ಅಲಜಘಿ~ಮ್ ಹಾಕಿದ್ರೆ "ಇನ್ಮೇಲೆ ದಿನಾ ತಗೊಳ್ತೀನಿ" ಅನ್ನೋ ಅರ್ಥ. ಅಂದ ಹಾಗೆ ಯೊರ್ ಒಂದು ಹಟಮಾರಿ ಬಾಲ, ಅದರ ಒ ಯಾವ ಪದಕ್ಕೂ ಬದಲಾಗಲ್ಲ: ಗೆಲಿಯೊರುಮ್, ಅಲಿ~ಯೊರುಮ್.

ನಿಷೇಧ: ಅಲ್ + ಮ + ಯ್ + ಅಜಕ್ + ಇ~ಮ್ = ಅಲ್ಮಯಜಘಿ~ಮ್. ನಾವು "ಅಲ್ಲ" ಕೊನೆಗೆ ಅಂಟಿಸ್ತೀವಿ, ಅವರು ಧಾತುವಿನ ಬೆನ್ನಿಗೇ ಮ ಅಥವಾ ಮೆ ತೂರಿಸ್ತಾರೆ. ಒತ್ತು ಮ ಕ್ಕೆ ಮುಂಚೆ, ಅಲ್ ಮೇಲೆ. ಈ ಒತ್ತು ತಪ್ಪಿದ್ರೆ ಫೋನಿನಲ್ಲಿ ನಿಷೇಧವೇ ಕೇಳಿಸದೆ ಹೋಗಬಹುದು. ಇನ್ನೊಂದು ವ್ಯತ್ಯಾಸ: "ತಗೊಳ್ಳಲ್ಲ" ಅಂದಾಗ ಯಾರು ಅನ್ನೋದು ಕನ್ನಡದಲ್ಲಿ ಅಳಿಸಿಹೋಗುತ್ತೆ, ನಾನು ತಗೊಳ್ಳಲ್ಲ, ಅವಳು ತಗೊಳ್ಳಲ್ಲ. ಟರ್ಕಿಶ್‌ನಲ್ಲಿ ಇ~ಮ್ ಹಾಗೇ ಉಳಿಯುತ್ತೆ, ಬೆನ್ ಆಗಲೂ ಬೇಡ.

ಪ್ರಶ್ನೆ: ನಮ್ಮ ಕೊನೆಯ ಆ ಮಾಡೋ ಕೆಲಸವನ್ನ ಮಿ~ ಮಾಡುತ್ತೆ (ಮಿ, ಮು, ಮು~ ಕೂಡ). ಬರೆಯುವಾಗ ಬಿಡಿಸಿ ಬರೀಬೇಕು. "ಚಯ್ ಅಲಜಕ್ ಮಿ~ಸಿ~ನ್?" ಚಹಾ ತಗೊಳ್ತೀಯಾ? ವ್ಯಕ್ತಿಯ ಬಾಲ ಮಿ~ ಮೇಲೆ ಹೋಗಿ ಕೂತಿದೆ ನೋಡಿ. ಭೂತಕಾಲದಲ್ಲಿ ಹಾಗಾಗಲ್ಲ: "ಅಲ್ದಿ~ನ್ ಮಿ~?" ತಗೊಂಡೆಯಾ?

ಇದನ್ನ ಬೇಕಾದ ಪದಕ್ಕೂ ಹಚ್ಚಬಹುದು, ಥೇಟ್ ನಮ್ಮ ಹಾಗೆ:

ಯರಿ~ನ್ ಮಿ~ ಅಲಜಕ್‌ಸಿ~ನ್? – ನಾಳೆನಾ ತಗೊಳ್ಳೋದು?
ಪಜ಼ರ್‌ದನ್ ಮಿ~ ಅಲಜಕ್‌ಸಿ~ನ್? – ಮಾರ್ಕೆಟ್‌ನಿಂದ್ಲಾ ತಗೊಳ್ಳೋದು?
ಚಯ್ ಮಿ~ ಅಲಜಕ್‌ಸಿ~ನ್? – ಚಹಾನಾ ತಗೊಳ್ಳೋದು?

ಇಂಗ್ಲಿಷ್‌ನಲ್ಲಿ ದನಿ ಏರಿಸಿ ಹೇಳ್ಬೇಕಾದ್ದು ಇಲ್ಲಿ ಒಂದು ಅಕ್ಷರದಲ್ಲಿ ಮುಗಿಯುತ್ತೆ.

---

ಗವಿಪುರ_ಗಡಿಯಾರ

ಇಷ್ಟು ಹೊಂದಿಕೆ ಇದ್ಮೇಲೆ ಕನ್ನಡಕ್ಕೂ ಟರ್ಕಿಶ್‌ಗೂ ಹಳೇ ನಂಟು ಇರ್ಲೇಬೇಕಲ್ವಾ? "ಅವನು ತಗೊಂಡನಂತೆ" ಅನ್ನೋ ಅಂತೆ ಕೂಡ ಅವರಲ್ಲಿದೆ ಅಂತ ಎಲ್ಲೋ ಓದಿದ್ದೆ.

---

ಪ್ರತ್ಯಯ_ಪ್ರಿಯ

ಆ ತೀರ್ಮಾನಕ್ಕೆ ಹೋಗ್ಬೇಡಿ ಸರ್. ಕನ್ನಡ ದ್ರಾವಿಡ, ಟರ್ಕಿಶ್ ತುರ್ಕಿಕ್. ಕ್ರಿಯಾಪದ ಕೊನೆಗೆ ಬಂದು ಬಾಲ ಅಂಟಿಸ್ಕೊಳ್ಳೋ ಭಾಷೆಗಳು ಜಗತ್ತಲ್ಲಿ ಬೇಕಾದಷ್ಟಿವೆ, ಜಪಾನೀಸ್ ಕೂಡ ಹಾಗೇ. ಮನೆತನ ಬೇರೆ, ಕಟ್ಟೋ ರೀತಿ ಒಂದೇ, ಅಷ್ಟೇ. ಕಲಂ (ಕಲೆಮ್), ಸಾಬೂನು (ಸಬುನ್), ಮೈದಾನ (ಮೆಯ್‌ದನ್), ಜವಾಬು (ಜೆವಪ್) ಥರದ ಪದಗಳು ಎರಡೂ ಕಡೆ ಇರೋದು ಅರಬ್ಬಿ, ಪಾರ್ಸಿ ಪದಗಳು ಎರಡೂ ಕಡೆ ಹರಿದು ಬಂದದ್ದರಿಂದ. ಅವನ್ನೂ ಪೂರ್ತಿ ನಂಬೋಕಾಗಲ್ಲ. ತಾರೀಖು ಅಲ್ಲಿ ತರಿಹ್, ಆದ್ರೆ ಅದಕ್ಕೆ ಇತಿಹಾಸ ಅನ್ನೋ ಅರ್ಥವೂ ಇದೆ. ಪಜ಼ರ್ ಅಂದ್ರೆ ಸಂತೆಯೂ ಹೌದು, ಭಾನುವಾರವೂ ಹೌದು.

"ಅಂತೆ" ಮಾತ್ರ ನಿಜ. ಅಲ್ದಿ~ ಅಂದ್ರೆ ತಗೊಂಡ, ಅಲ್ಮಿ~ಶ್ ಅಂದ್ರೆ ತಗೊಂಡನಂತೆ, ಅಲಜಕ್‌ಮಿ~ಶ್ ಅಂದ್ರೆ ತಗೊಳ್ತಾನಂತೆ. ಆದ್ರೆ ನಮ್ಮ ಅಂತೆ ಬೇರೆಯವರು ಹೇಳಿದ್ದಕ್ಕೆ ಮಾತ್ರ. ಮಿ~ಶ್ ಇನ್ನೂ ಅಗಲ: ಯಾರೂ ಹೇಳದೆ ಗುರುತು ನೋಡಿ ಊಹಿಸಿದ್ದಕ್ಕೂ ಬರುತ್ತೆ. ಡಬ್ಬ ತುಂಬಿರೋದು ಕಂಡು "ಓ, ಚಹಾ ತಂದ ಹಾಗಿದೆ" ಅನ್ನೋಕೂ "ಚಯ್ ಅಲ್ಮಿ~ಶ್" ಸಾಕು.

ಇನ್ನೂ ಮೂರು ಕಡೆ ಕನ್ನಡದ ದಾರಿ ನೇರ ಹೋಗುತ್ತೆ. "ಮಾರ್ಕೆಟ್‌ಗೆ ಹೋಗಿ ಚಹಾ ತಗೊಳ್ತೀನಿ" – ಪಜ಼ರ ಗಿದಿಪ್ ಚಯ್ ಅಲಜಘಿ~ಮ್. "ಹೋಗಿ" ಅಂದ್ರೆ ಗಿದಿಪ್. "ತಗೊಳ್ತೀನಿ ಅಂತ" – ಅಲಜಘಿ~ಮ್ ದಿಯೆ. ನಮ್ಮ ಅಂತ "ಅನ್ನು"ವಿನಿಂದ ಬಂದ ಹಾಗೆ ದಿಯೆ ಅವರ "ಅನ್ನು"ವಿನಿಂದ ಬಂದದ್ದು. ಮತ್ತೆ ಇದೆ, ಇಲ್ಲ, ಅಲ್ಲ: ಚಯ್ ವರ್ (ಚಹಾ ಇದೆ), ಚಯ್ ಯೊಕ್ (ಚಹಾ ಇಲ್ಲ), ಚಯ್ ದೆಘಿಲ್ (ಚಹಾ ಅಲ್ಲ). ಇಲ್ಲಕ್ಕೂ ಅಲ್ಲಕ್ಕೂ ಇರೋ ವ್ಯತ್ಯಾಸವನ್ನ ಇಂಗ್ಲಿಷ್‌ನವರು ಉರು ಹೊಡೀತಾರೆ, ನಿಮಗೆ ಬೇಕಿಲ್ಲ. ಆದ್ರೆ ಯೊಕ್ ಕ್ರಿಯಾಪದಕ್ಕೆ ಅಂಟಲ್ಲ. "ಬರ್ತಿಲ್ಲ" ಅನ್ನೋಕೆ ಗೆಲ್ಮಿಯೊರುಮ್, ಯೊಕ್ ಇಲ್ಲ.

ನಂಬಿದ್ರೆ ಕೈಕೊಡೋ ಜಾಗ "ನನಗೆ". ನನಗೆ ಚಹಾ ಬೇಕು, ನನಗೆ ಚಹಾ ಇಷ್ಟ, ನನಗೆ ಹಸಿವಾಗಿದೆ ಅಂತ ನಾವು ಎಲ್ಲದಕ್ಕೂ ಚತುರ್ಥಿ ಹಾಕ್ತೀವಿ. ಟರ್ಕಿಶ್‌ನಲ್ಲಿ "ನನಗೆ" ಅಂದ್ರೆ ಬನ, ಈ ಮೂರಕ್ಕೂ ಅದು ಬರಲ್ಲ. ಚಯ್ ಇಸ್ತಿಯೊರುಮ್ (ಬೇಕು), ಚಯಿ~ ಸೆವಿಯೊರುಮ್ (ಇಷ್ಟ, ಇಲ್ಲಿ ಚಹಾಗೆ ಬಾಲ ಇದೆ), ಅಜಿ~ಕ್‌ತಿ~ಮ್ (ಹಸಿವಾಯ್ತು). ಮೂರರಲ್ಲೂ ನಾನು ಕರ್ತೃ.

---

ಉಪ್ಪಿನಂಗಡಿ_ಎಕ್ಸ್‌ಪ್ರೆಸ್

ಇದನ್ನೂ ಸೇರಿಸ್ಕೊಳ್ಳಿ: ಸಂಖ್ಯೆ ಬಂದ್ರೆ ಬಹುವಚನ ಹಾಕ್ಬಾರದು. ಇಕಿ ಚಯ್ (ಎರಡು ಚಹಾ), ಇಕಿ ಕಿಲೊ ಚಯ್, ಯರಿ~ಮ್ ಕಿಲೊ ಚಯ್ (ಅರ್ಧ ಕೆಜಿ). ಯರಿ~ಮ್ ಅರ್ಧ, ಯರಿ~ನ್ ನಾಳೆ, ಕೊನೆಯ ಮ್, ನ್ ಸ್ಪಷ್ಟವಾಗಿರಲಿ.

ಕಾಫಿ ಗೀಫಿ ಅನ್ನೋದೂ ಅವರಲ್ಲಿದೆ. ನಮ್ಮ ಗಿ ಜಾಗದಲ್ಲಿ ಮ್: ಚಯ್ ಮಯ್, ಕಹ್ವೆ ಮಹ್ವೆ. ಮ್ ನಿಂದಲೇ ಶುರುವಾಗೋ ಪದಕ್ಕೆ ಮಾತ್ರ ಈ ಆಟ ನಡೆಯಲ್ಲ. ಗುರುತಿರೋರ ಜೊತೆ ಹರಟುವಾಗ ಪರವಾಗಿಲ್ಲ, ಈಮೇಲ್‌ನಲ್ಲಿ ಬರೀಬೇಡಿ.

---

ಹನುಮಂತನಗರ_ಓದುಗ

ಸರಿ, ಇಷ್ಟನ್ನೂ ಹಾಕಿ ಒಂದು ವಾಕ್ಯ: "ಯರಿ~ನ್ ಮೆಜೆಸ್ಟಿಕೆ ಗಿದಿಪ್ ಯರಿ~ಮ್ ಕಿಲೊ ಚಯ್ ಅಲಜಘಿ~ಮ್, ಕಹ್ವೆ ಅಲ್ಮಯಜಘಿ~ಮ್." ನಾಳೆ ಮೆಜೆಸ್ಟಿಕ್‌ಗೆ ಹೋಗಿ ಅರ್ಧ ಕೆಜಿ ಚಹಾ ತಗೊಳ್ತೀನಿ, ಕಾಫಿ ತಗೊಳ್ಳಲ್ಲ.

---

ಪ್ರತ್ಯಯ_ಪ್ರಿಯ

ಸರಿಯಾಗಿದೆ. ಮೆಜೆಸ್ಟಿಕ್‌ನ ಕ್ ಘ ಆಗಲಿಲ್ಲ, ಅದೂ ಸರಿ: ಹೆಸರುಗಳಲ್ಲಿ ಬರೆಯುವಾಗ ಆ ಬದಲಾವಣೆ ತೋರಿಸಲ್ಲ. ಮಾಮೂಲಿ ಪದಗಳಲ್ಲಿ ತೋರಿಸ್ಬೇಕು: ಬ್ರೆಡ್‌ಗೆ ಎಕ್‌ಮೆಕ್, ಬ್ರೆಡ್ಡನ್ನು ಎಕ್‌ಮೆಘಿ, ಪುಸ್ತಕಕ್ಕೆ ಕಿತಪ್, ಪುಸ್ತಕವನ್ನು ಕಿತಬಿ~. ಮುಂದಿನ ಅಭ್ಯಾಸಕ್ಕೆ ಚಯ್ ಜಾಗದಲ್ಲಿ ಸು~ತ್ (ಹಾಲು), ಎಕ್‌ಮೆಕ್, ಕಿತಪ್ ಹಾಕಿ, ಒಮ್ಮೆ ಬಾಲ ಇಲ್ಲದೆ, ಒಮ್ಮೆ ಬಾಲ ಸೇರಿಸಿ ಬರೀರಿ. ಸು~ತ್ ನೋಡ್ಕೊಂಡು ಮಾಡಿ, ಅದರ ತ್ ಬದಲಾಗಲ್ಲ: ಸು~ತು~.